ಅಂಟು, ಗಸಗಸೆ

ಪೆರಂಬೂರು, ಮದ್ರಾಸು
೯ ಜುಲೈ ೧೯೫೮

ಇಷ್ಟರ ಮೇಲೆ ನಲ್ಲಿ ಬೇರೆ ನಿಂತುಹೋಯ್ತು ತುಂಗಕ್ಕ. ಮೈಯೆಲ್ಲಾ ಸೋಪು, ಕಣ್ಣು ಬಿಡೋ ಹಾಗಿಲ್ಲ. ಹೊರಗಡೆ ಜಾನಕಮ್ಮನವರು “ಪಂಢರೀ, ಏ ಪಂಢರೀ, ತಣ್ಣಿ ಬೇಕೇನೋ?” ಅಂತ ಕೂಗ್ತಾನೇ ಇದ್ದಾರೆ, ನಾನು ಸುಮ್ಮನೆ ನಿಂತಿದ್ದೀನಿ. ಪಂಢರಿ ಅಂದ್ರೆ ನಾನೇ ಅನ್ನೋದು ಮರೆತೇಹೋಗಿತ್ತು. ನೆನಪಾಗೋ ಹೊತ್ತಿಗೆ ಸೋಪು ಒಣಗಿತ್ತು.

ನಿನಗೆ ಅರ್ಥ ಆಗಿರಲ್ಲ. ಹೇಳಬಾರದು ಅಂತ ಅಪ್ಪಣೆ ಇದೆ, ಆದ್ರೆ ಯಾರಿಗಾದ್ರೂ ಹೇಳದೆ ಇದ್ರೆ ನನಗೆ ಹುಚ್ಚು ಹಿಡಿಯುತ್ತೆ. ಇಲಾಖೆಯಲ್ಲಿ ಗುಮಾಸ್ತ ಅಂತ ನಿನಗೆ ಬರೆದಿದ್ದೆನಲ್ಲ, ಮೇ ತಿಂಗಳವರೆಗೆ ಅದು ನಿಜ. ಆಮೇಲೆ ಸಾಹೇಬರು ಒಳಗೆ ಕರೆದು ಬಾಗಿಲು ಹಾಕಿದ್ರು. ಇಲ್ಲಿಂದ ಹಡಗಿನಲ್ಲಿ ಸಿಂಗಪುರಕ್ಕೆ ಕದ್ದು ಅಫೀಮು ಹೋಗ್ತಿದೆ. ಅಲ್ಲಿಯವರು ಹಿಡಿದ ಒಂದು ಡಬ್ಬಕ್ಕೆ ಕನ್ನಡ ಪೇಪರು ಸುತ್ತಿತ್ತಂತೆ. ಬಂದರಿನಲ್ಲಿ ಒಂದು ಹಡಗು ಏಜೆಂಟರ ಆಫೀಸು, ಅಲ್ಲೊಬ್ಬ ಕನ್ನಡದ ಹುಡುಗ, ಮುರಳೀಧರ ಅಂತ. ಅವನ ಮೇಲೆ ಅನುಮಾನ. ನಮ್ಮ ಆಫೀಸಿನಲ್ಲಿ ಕನ್ನಡ ಬರೋನು ನಾನೊಬ್ಬನೇ. “ಅವರ ಮನೇಲಿ ಒಂದು ರೂಮು ಖಾಲಿ ಇದೆ, ಹೋಗಿ ಇರು, ನೋಡು, ಕೇಳು” ಅಂದ್ರು. ಈಗ ನಾನು ವಿಮಾ ಕಂಪನಿ ಗುಮಾಸ್ತ ಪಂಢರಿನಾಥ, ಭಾರದ್ವಾಜ ಗೋತ್ರ. ಗೋತ್ರ ಯಾಕೆ ಬದಲಾಯಿಸಿದೆ ಅಂತ ಕೇಳಬೇಡ. ರಾಯರು ತಟ್ಟಂತ ಕೇಳಿದ್ರು, ಗಾಬರಿಯಲ್ಲಿ ಬಾಯಿಗೆ ಬಂದದ್ದು ಹೇಳಿದೆ.

ರಾಯರು ಅಂದ್ರೆ ಮುರಳಿಯ ಅಪ್ಪ, ವಿಷ್ಣುತೀರ್ಥ ರಾಯರು. ರೈಲ್ವೆ ವರ್ಕ್‌ಷಾಪಿನ ಆಫೀಸಿನಲ್ಲಿದ್ದು ರಿಟೈರಾದವರು. ಜಾನಕಮ್ಮನವರಿಗೆ ಕಣ್ಣು ಮಂಜು. ಇವರ ಹಿರೀಕರು ಧಾರವಾಡದ ಕಡೆಯವರಂತೆ, ಆದ್ರೆ ಮೂರು ತಲೆಯಿಂದ ಇಲ್ಲೇ. ಮುರಳಿಗೆ ಕನ್ನಡದಲ್ಲಿ ಕೇಳಿದ್ರೆ ತಮಿಳಿನಲ್ಲಿ ಉತ್ತರ.

ಕಾಗದ ಆಫೀಸಿನ ವಿಳಾಸಕ್ಕೇ ಹಾಕು. ಇದನ್ನ ಓದಿ ಹರಿದುಬಿಡು.

ನಿನ್ನ ತಿಮ್ಮು


ದಾವಣಗೆರೆ
೧೬ ಜುಲೈ ೧೯೫೮

ತಿಮ್ಮೂ,

ಹರಿದು ಹಾಕಿದೆ. ಅದಕ್ಕೆ ಮುಂಚೆ ಮೂರು ಸಲ ಓದಿದೆ.

ಅಲ್ಲವೋ, ಹೆಸರು ಬದಲಾಯಿಸಿದೆ ಸರಿ, ಸರ್ಕಾರದ ಕೆಲಸ. ಗೋತ್ರ ಯಾಕೋ? ಅಪ್ಪ ಇದ್ದಿದ್ರೆ ನಿನ್ನ ಕಿವಿ ಕಿತ್ತು ಕೈಗೆ ಕೊಡ್ತಿದ್ರು. ಕಾಶ್ಯಪ ಗೋತ್ರ ಅಂದ್ರೆ ಅವರೇನು ಹೊರಗೆ ಹಾಕ್ತಿದ್ರಾ? ಅಥವಾ ಅವರದ್ದೂ ಕಾಶ್ಯಪ ಗೋತ್ರವೋ? ಮನೇಲಿ ಮಗಳಿದ್ದಾಳೋ? ಸಗೋತ್ರ ಆದ್ರೆ ಮದುವೆ ಕೂಡಿ ಬರಲ್ಲ ಅಂತ ನಮ್ಮ ತಿಮ್ಮು ಮುಂಚೆನೇ ದಾರಿ ಮಾಡಿಕೊಂಡ ಅಂತ ನಿನ್ನ ಭಾವ ನಗ್ತಿದ್ದಾರೆ. ಪೋಸ್ಟ್ ಮಾಸ್ಟರಿಗೆ ಊರಿನವರ ಕಾಗದ ಮುಟ್ಟಿ ಮುಟ್ಟಿ ಎಲ್ಲದರಲ್ಲೂ ಮದುವೆ ವಾಸನೆನೇ.

ಒಂದು ಮಾತು. ಅವರ ಮನೇಲಿ ಉಣ್ತೀಯ ತಾನೆ? ಉಂಡಷ್ಟು ದಿನ ಅವರನ್ನ ಕಳ್ಳರು ಅಂದುಕೊಂಡು ಉಣ್ಣಬೇಡ. ಅನ್ನ ಇಳಿಯಲ್ಲ.

ಇಲ್ಲಿ ವಿಶೇಷ ಏನಿಲ್ಲ. ನನಗೆ ಕಾಫಿ ಸೇರ್ತಿಲ್ಲ, ಅಷ್ಟೇ. ಸೆಖೆ.

ತುಂಗಾ


ಪೆರಂಬೂರು
೨೪ ಜುಲೈ ೧೯೫೮

ತುಂಗಕ್ಕ,

ಮಗಳಿದ್ದಾಳೆ, ಆದ್ರೆ ಭಾವನಿಗೆ ಹೇಳು, ಮದುವೆಯಾಗಿ ಸಿಂಗಪುರದಲ್ಲಿದ್ದಾಳೆ. ಸುಮತಿ ಅಂತ. ಸಿಂಗಪುರ ಅಂತ ಕೇಳಿದಾಗ ಸಾಹೇಬರ ಮುಖ ನೋಡಬೇಕಿತ್ತು ನೀನು.

ನಿನ್ನೆ ಒಂದು ಪ್ರಸಂಗ ಆಯ್ತು. ಅಧಿಕ ಮಾಸ ಅಲ್ವಾ. ಅಳಿಯನಿಗೆ ಮೂವತ್ತಮೂರು ಕಜ್ಜಾಯ ದಾನ ಕೊಡಬೇಕು, ಅಳಿಯ ಸಮುದ್ರದಾಚೆ ಇದ್ದಾನೆ. ಜಾನಕಮ್ಮನವರು ನನ್ನ ಕೂರಿಸಿಬಿಟ್ರು. “ನೀನೂ ನನ್ನ ಮಗನ ಥರಾನೇ ತಾನೇ ಪಂಢರಿ, ಬಾಪ್ಪಾ, ಉಕ್ಕಾರು.” ರಾಯರು ನೀರು ಬಿಡುವಾಗ ಭಾರದ್ವಾಜ ಗೋತ್ರದ ಪಂಢರಿನಾಥ ಶರ್ಮನಿಗೆ ಅಂತ ಬಾಯಿತುಂಬ ಹೇಳಿದ್ರು. ಹಿತ್ತಾಳೆ ಬೋಗುಣಿ ಬಿಸಿ ಇತ್ತು, ತೊಡೆ ಸುಡ್ತಿತ್ತು, ಆದ್ರೂ ಇಳಿಸಲಿಲ್ಲ. ಇಲ್ಲದೇ ಇರೋ ಮನುಷ್ಯನಿಗೆ ದಾನ ಕೊಟ್ರೆ ಪುಣ್ಯ ಯಾರಿಗೆ ಹೋಗುತ್ತಕ್ಕ? ಮುರಳಿ ಪಕ್ಕದಲ್ಲಿ ನಿಂತು “ಎನಕ್ಕು ಒಣ್ಣು ಕುಡುಂಗ ಮಾಪ್ಪಿಳ್ಳೈ ಸಾರ್” ಅಂತ ಹಾಸ್ಯ ಮಾಡಿದ, ಅಳಿಯಂದಿರೇ ನನಗೂ ಒಂದು ಕೊಡಿ ಅಂತ. ಒಂದಲ್ಲ, ಒಂಬತ್ತು ತಿಂದ. ಅಫೀಮು ಸಾಗಿಸೋನು ಹೀಗೆ ಕಜ್ಜಾಯ ತಿಂತಾನಾ ಅಂತ ನನಗೆ ಅನ್ನಿಸಿದ್ದು ನಿಜ.

ಇನ್ನೊಂದು ವಿಷಯ. ಇದು ಬರೀ ತಮಾಷೆಗೆ ಕೇಳ್ತಿದ್ದೀನಿ, ಏನೂ ಅಂದುಕೋಬೇಡ. ಅಂಟು, ಗಸಗಸೆ ಎರಡನ್ನೂ ಸೇರಿಸಿ ಏನು ಮಾಡ್ತಾರೆ? ಗಸಗಸೆ ಪಾಯಸ ಗೊತ್ತು, ಕುಡಿದು ಮಲಗಿದ್ದೂ ಗೊತ್ತು. ಅಂಟು ಅಂದ್ರೆ ನನಗೆ ಗೊತ್ತಿರೋದು ಲಕೋಟೆಗೆ ಹಚ್ಚೋದು. ಅದನ್ನ ತಿಂತಾರಾ? ಯಾರಾದ್ರೂ ಅದನ್ನ ಇನ್ನೊಬ್ಬರಿಗೆ ಕದ್ದುಮುಚ್ಚಿ ಯಾಕೆ ಕಳಿಸ್ತಾರೆ? ಇದು ನಿನ್ನಂಥ ಹೆಂಗಸರಿಗೇ ಗೊತ್ತಿರೋ ಗುಟ್ಟು ಇರಬೇಕು, ನನಗೆ ಹೇಳೋಕೆ ನಾಚಿಕೆ ಬೇಡ.

ಕಾಗದ ಕೈಗೆ ಸಿಕ್ಕ ದಿನವೇ ಉತ್ತರ ಬರಿ. ಹಡಗು ಐದನೇ ತಾರೀಖು ಹೊರಡುತ್ತೆ.

ತಿಮ್ಮು


ಮದ್ರಾಸು
೨ ಆಗಸ್ಟ್ ೧೯೫೮

ಅಕ್ಕ,

ನೀನು ಉತ್ತರ ಬರೀಲಿಲ್ಲ. ಹೋಗಲಿ ಬಿಡು, ಇನ್ನು ಬೇಕಾಗಿಲ್ಲ. ನಾನೇ ಮುಗಿಸಿದೆ.

ಏನಾಯ್ತು ಅಂದ್ರೆ, ಜಾನಕಮ್ಮನವರು ಮಗಳಿಗೆ ಬರೆಯೋ ಕಾಗದಾನ ಅವರು ಹೇಳ್ತಾ ಹೋಗ್ತಾರೆ, ನಾನು ಬರೀತೀನಿ. ಹೋದ ವಾರದ್ದರಲ್ಲಿ ಹೀಗೆ ಹೇಳಿದ್ರು: “ಅಂಟು, ಗಸಗಸೆ ಕಳಿಸ್ತಿದ್ದೀನಿ. ಮುರಳಿ ಹಡಗಿನವರ ಕೈಲಿ ಕೊಡ್ತಾನೆ. ಬಂದಮೇಲೆ ಯಾರ ಕಣ್ಣಿಗೂ ಬೀಳಿಸಬೇಡ.” ನಾನು ತಲೆ ಎತ್ತಿ “ಯಾಕಮ್ಮಾ?” ಅಂದೆ. “ಅದೆಲ್ಲಾ ನಿನಗೆ ಯಾಕಪ್ಪಾ, ನೀನು ಬರಿ” ಅಂದು ಬೇರೆ ಕಡೆ ತಿರುಗಿದ್ರು. ಮುಚ್ಚಿಡೋ ಮುಖ ಅದು. ನಾನು ನೋಡಿದೆ.

ಕಾಗದದ ನಕಲು ಮಾಡಿ ಇಂಗ್ಲಿಷಿಗೆ ಹಾಕಿ ಕೊಡು ಅಂದ್ರು ಸಾಹೇಬರು. ಗಸಗಸೆಗೆ ಇಂಗ್ಲಿಷಿನಲ್ಲಿ ಪಾಪಿ. ಅಂಟಿಗೆ ಗಮ್. ನಾನು ನಡುವೆ ಕಾಮಾ ಹಾಕಿದ್ದೆ, ಟೈಪು ಮಾಡೋವಾಗ ಪದ ಹಿಂದೆ ಮುಂದೆ ಆಗಿ, ಕಾಮಾ ಬಿಟ್ಟುಹೋಯ್ತು. ಸಾಹೇಬರು ಗಟ್ಟಿಯಾಗಿ ಓದಿದ್ರು: ಪಾಪಿ ಗಮ್. ಪಾಪಿ ಗಿಡದ ಅಂಟು ಅಂದ್ರೇನೇ ಅಫೀಮು, ಗೊತ್ತಾ ಅಕ್ಕ? ಗಸಗಸೆ ಗಿಡದ ಕಾಯಿ ಗೀರಿದ್ರೆ ಬರೋ ಅಂಟು. ಕುರ್ಚಿಯಿಂದ ಎದ್ದು ನನ್ನ ಬೆನ್ನು ತಟ್ಟಿದ್ರು. ಕಾಮಾದ ಮಾತು ನಾಲಿಗೆ ತುದಿವರೆಗೂ ಬಂದಿತ್ತು. ಅಷ್ಟರಲ್ಲಿ “ಟೆಂಪರರಿ ಲಿಸ್ಟಿನಿಂದ ನಿನ್ನ ಹೆಸರು ತೆಗೆಸ್ತೀನಿ, ಪರ್ಮನೆಂಟು” ಅಂದುಬಿಟ್ರು.

ಖುಷಿಪಡು. ನಿನ್ನ ತಮ್ಮ ಇನ್ನು ದಿನಗೂಲಿಯವನಲ್ಲ.

ತಿಮ್ಮು


ದಾವಣಗೆರೆ
೪ ಆಗಸ್ಟ್ ೧೯೫೮

ತಿಮ್ಮೂ,

ಯಾರೋ ಹೇಳಿದ್ದು ನಿನಗೆ? ಇವರು ತಾನೆ? ಅಂಚೆಯವರ ಬಾಯಲ್ಲಿ ಗುಟ್ಟು ನಿಲ್ಲಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆಣೆ ಹಾಕಿ ಕೇಳಿದೆ, ನಾನು ಬರೆದೇ ಇಲ್ಲ ಅಂತಾರೆ. ನೀನು ನೋಡಿದ್ರೆ ‘ನಿನ್ನಂಥ ಹೆಂಗಸರಿಗೆ’, ‘ನಾಚಿಕೆ ಬೇಡ’ ಅಂತೆಲ್ಲಾ! ಸಿಟ್ಟು ಬಂತು, ನಗುವೂ ಬಂತು, ಅಳುವೂ ಬಂತು. ಏಳು ದಿನ ನಿನ್ನ ಇಪ್ಪತ್ತನಾಲ್ಕರ ಕಾಗದ ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ, ಏನಂತ ಬರೀಲಿ ಅಂತ.

ಹೌದು ಕಣೋ. ಐದು ತುಂಬಿತು. ಎರಡು ಸಲ ಕೈತಪ್ಪಿ ಹೋಗಿದೆ ಅಂತ ಈ ಸಲ ಯಾರಿಗೂ ಹೇಳಲಿಲ್ಲ. ನಿನಗೂ ಹೇಳಲಿಲ್ಲ, ಬೇಜಾರು ಮಾಡಿಕೋಬೇಡ.

ಅಂಟಿನುಂಡೆ ಕೇಳಿದ್ಯಲ್ಲ. ನಮ್ಮ ಅರಸೀಕೆರೆ ಮನೇಲಿ ಮಾಡ್ತಿರಲಿಲ್ಲ. ಅಮ್ಮ ಬೇಗ ಹೋದ್ರು, ನಮ್ಮನೇಲಿ ಬಾಣಂತನ ಅಂತ ನೀನೆಲ್ಲಿ ನೋಡಿದೀಯ. ಈ ಕಡೆ ಬಾಣಂತಿಗೆ ಅದೇ ಮೊದಲ ತಿಂಡಿ. ಜಾಲಿ ಮರದ ಅಂಟನ್ನ ತುಪ್ಪದಲ್ಲಿ ಕರಿದ್ರೆ ಅರಳು ಥರ ಉಬ್ಬುತ್ತೆ. ಗಸಗಸೆ ಹುರಿದು, ಒಣಕೊಬ್ಬರಿ, ಉತ್ತುತ್ತೆ, ಬೆಲ್ಲದ ಪಾಕ, ಎಲ್ಲ ಸೇರಿಸಿ ಉಂಡೆ. ಸೊಂಟಕ್ಕೆ ಬಲ, ಹಾಲು ಬರುತ್ತೆ, ನಿದ್ದೆ ಬರುತ್ತೆ. ದೂರದೂರಿಗೆ ಉಂಡೆ ಕಟ್ಟಿ ಕಳಿಸಿದ್ರೆ ಕೊಬ್ಬರಿ ಕನರುತ್ತೆ, ಅದಕ್ಕೆ ಅಂಟು, ಗಸಗಸೆ ಬೇರೆಬೇರೆ ಕಟ್ಟಿ ಕಳಿಸ್ತಾರೆ. ಹೆರಿಗೆಗೆ ಮುಂಚೆ ಅದನ್ನ ಯಾರಿಗೂ ತೋರಿಸಬಾರದು, ಕಣ್ಣಾಗುತ್ತೆ ಅಂತ ನಮ್ಮತ್ತೆ ಈಗಲೇ ಒಂದು ಡಬ್ಬ ತುಂಬಿ ಅಟ್ಟದ ಮೇಲೆ ಇಟ್ಟಿದ್ದಾರೆ.

ಈಗ ತೃಪ್ತಿಯಾಯ್ತಾ? ಸೋದರಮಾವ ಆಗ್ತೀಯ, ತೊಟ್ಟಿಲು ನಿನ್ನದು.

ತುಂಗಾ


ಪೆರಂಬೂರು
೧೨ ಆಗಸ್ಟ್ ೧೯೫೮

ತುಂಗಕ್ಕ,

ನಿನ್ನ ಕಾಗದ ಶುಕ್ರವಾರ ಬಂತು. ಮುರಳಿಯನ್ನ ಹಿಡಿದದ್ದು ಮಂಗಳವಾರ.

ಸೋದರಮಾವ ಅಂತ ಓದಿ ಸಂತೋಷ ಪಡಬೇಕಾದೋನು ಆಫೀಸಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಜವಾನ “ಎನ್ನ ಸಾರ್, ಸಾವಾ?” ಅಂತ ಕೇಳಿದ. ಊರಿನಲ್ಲಿ ಯಾರಾದ್ರೂ ಹೋದ್ರಾ ಅಂತ. ಇಲ್ಲ, ಮಗು ಅಂದೆ. ಅವನಿಗೆ ಏನೂ ಅರ್ಥ ಆಗಲಿಲ್ಲ.

ಬಂದರಿನಲ್ಲಿ ನಾನೂ ಇದ್ದೆ. ಚೀಲಗಳ ಹಿಂದೆ ನಿಂತಿದ್ದೆ. ಡಬ್ಬ ಬಿಚ್ಚಿದ್ರು. ಮೇಲೆ ಗಸಗಸೆ ಪೊಟ್ಟಣ, ಕೆಳಗೆ ಬಿಳೀ ಬಟ್ಟೆಯಲ್ಲಿ ಕಂದುಬಣ್ಣದ ಹರಳು. ಬಟ್ಟೆ ಜಾನಕಮ್ಮನವರ ಹಳೇ ಸೀರೆ ಅಂಚು, ನಾನು ದಿನಾ ನೋಡ್ತಿದ್ದದ್ದು. ಮುರಳಿಗೆ ಒಳಗೇನಿದೆ ಅಂತಲೇ ಗೊತ್ತಿರಲಿಲ್ಲ. “ಅಮ್ಮಾ ಕುಡುತ್ತಾಂಗ ಸಾರ್, ಅಮ್ಮಾ ಕುಡುತ್ತಾಂಗ” ಅಂತ ಅದನ್ನೇ ಹೇಳ್ತಾ ಇದ್ದ. ಅಮ್ಮ ಕೊಟ್ಟದ್ದು ಅಂತ. ಅದೇ ಹಡಗಿನಲ್ಲಿ ಕಲ್ಲಿದ್ದಲಿನ ಕೆಳಗೆ ನಿಜವಾದ ಅಫೀಮೂ ಸಿಕ್ತು, ಯಾರದ್ದು ಅಂತ ಗೊತ್ತಿಲ್ಲ. ಸಾಹೇಬರು ಎರಡನ್ನೂ ಒಂದೇ ದಾರದಲ್ಲಿ ಕಟ್ಟಿಬಿಟ್ರು. ಎರಡರ ನಡುವೆ ಇರೋ ದಾರ ಒಂದೇ, ನನ್ನ ಇಂಗ್ಲಿಷು. ಹರಳು ಪರೀಕ್ಷೆಗೆ ಹೋಗಿದೆ, ರಿಪೋರ್ಟು ಬರೋಕೆ ಎರಡು ತಿಂಗಳು. ಅಂಟು ಅಂತಲೇ ಬಂದ್ರೂ, ಇದು ಕಣ್ಣಿಗೆ ಮಣ್ಣೆರಚೋಕೆ ಇಟ್ಟದ್ದು, ಕಾಗದದಲ್ಲಿರೋದು ಸಂಕೇತ ಅಂತ ಅವರು ಆಗಲೇ ಬರೆದಾಗಿದೆ.

ಇನ್ನೂ ನಾಚಿಕೆಗೇಡಿನದ್ದು ಹೇಳ್ತೀನಿ ಕೇಳು. ನಾನು ಇನ್ನೂ ಆ ಮನೆಯಲ್ಲೇ ಇದ್ದೀನಿ. ಅವರಿಗೆ ಗೊತ್ತಿಲ್ಲ. ಈಗ ಬಿಟ್ಟರೆ ಅನುಮಾನ ಬರುತ್ತೆ, ಇರು ಅಂತ ಸಾಹೇಬರ ಅಪ್ಪಣೆ. ರಾಯರು ಪೇಪರು ತರಿಸೋದು ನಿಲ್ಲಿಸಿದ್ದಾರೆ, ಅದರಲ್ಲಿ ಮಗನ ಹೆಸರು ಬಂದಿತ್ತು. ಜಾನಕಮ್ಮನವರು ನನಗೆ ಮೊದಲು ಬಡಿಸ್ತಾರೆ. “ನೀನಾದ್ರೂ ಇದ್ದೀಯಲ್ಲಪ್ಪಾ” ಅಂತಾರೆ. ಮೊನ್ನೆ ರಾಯರು, “ಪಂಢರಿ, ನಿಂಗೆ ಇಂಗ್ಲಿಷು ಚೆನ್ನಾಗಿ ಬರುತ್ತೆ, ಮುರಳಿನ ಬಿಡಿ ಅಂತ ಸಾಹೇಬರಿಗೆ ಒಂದು ಅರ್ಜಿ ಬರೆದುಕೊಡು” ಅಂದ್ರು. ಬರೆದೆ ಅಕ್ಕ. ಒಳ್ಳೇ ಇಂಗ್ಲಿಷಿನಲ್ಲಿ ಬರೆದೆ. ಮಾರನೇ ದಿನ ಆಫೀಸಿನಲ್ಲಿ ಅದೇ ಅರ್ಜಿ ನನ್ನ ಮೇಜಿಗೇ ಬಂತು, ನನ್ನ ರಿಪೋರ್ಟಿನ ಜೊತೆಗೇ ಲಗತ್ತಿಸು ಅಂತ. ಲಗತ್ತಿಸಿದೆ. ಎರಡೂ ಒಂದೇ ಕೈಬರಹ. ಯಾರೂ ನೋಡಲಿಲ್ಲ.

ಮಗಳಿಗೆ ಸೆಪ್ಟೆಂಬರಿನಲ್ಲಿ ದಿನ ತುಂಬುತ್ತಂತೆ. ಈಗ ಅದನ್ನೂ ನನಗೆ ಹೇಳಿದ್ರು, ಮುಚ್ಚಿಡೋದಕ್ಕೆ ಇನ್ನೇನು ಉಳಿದಿದೆ ಅಂತ.

ನಾನೇನು ಮಾಡಲಿ?

ತಿಮ್ಮು


ದಾವಣಗೆರೆ
೧೭ ಆಗಸ್ಟ್ ೧೯೫೮

ತಿರುಮಲಾ,

ಗಸಗಸೆಗೆ ಇಂಗ್ಲಿಷಿನಲ್ಲಿ ಪಾಪಿ ಅಂತ ಬರೆದಿದ್ದೆ. ಕನ್ನಡದಲ್ಲಿ ಪಾಪಿ ಅಂದ್ರೆ ಯಾರು ಅಂತ ನಾನು ಹೇಳಬೇಕಾಗಿಲ್ಲ.

ಇದನ್ನ ಬರೆದು ಅರ್ಧ ದಿನ ಹಾಗೇ ಬಿಟ್ಟಿದ್ದೆ. ಅಳಿಸೋಣ ಅನ್ನಿಸಿತು, ಅಳಿಸಲ್ಲ. ಆದ್ರೆ ಆ ಮಾತಿನಲ್ಲಿ ಅರ್ಧ ನನ್ನದು. ಏಳು ದಿನ ದಿಂಬಿನ ಕೆಳಗೆ ಇಟ್ಟುಕೊಂಡೆನಲ್ಲ, ನನ್ನ ಬಸಿರನ್ನ ನೀನು ಆಡಿಕೊಳ್ತಿದ್ದೀಯ ಅಂತ. ನೀನು ಕೇಳಿದ ದಿನವೇ ಎರಡು ಸಾಲು ಬರೆದಿದ್ರೆ ಹಡಗಿಗಿಂತ ಮುಂಚೆ ಮುಟ್ಟುತ್ತಿತ್ತು. ಇಷ್ಟು ದಿನ ಅಂಚೆಯವನ ಹೆಂಡತಿಯಾಗಿ ನಾನು ಕಲಿತದ್ದು ಇಷ್ಟೇನಾ ಅಂತ ನನಗೇ ನಾಚಿಕೆ.

ನಿನ್ನ ಭಾವ ಹೇಳೋದು, ಸುಮ್ಮನಿರಲಿ, ರಿಪೋರ್ಟು ಬರಲಿ, ಹುಡುಗ ತಾನಾಗಿ ಬಿಡುಗಡೆ ಆಗ್ತಾನೆ, ತಿಮ್ಮು ಕೆಲಸವೂ ಉಳಿಯುತ್ತೆ ಅಂತ. ಅವರು ಕೆಟ್ಟವರಲ್ಲ, ನಿನಗೆ ಗೊತ್ತು. ನಾನು ಅವರಿಗೆ ಒಂದೇ ಕೇಳಿದೆ: ನಮ್ಮ ಅಟ್ಟದ ಮೇಲಿರೋ ಡಬ್ಬಕ್ಕೆ ಪೊಲೀಸರು ಬಂದ್ರೆ? ಎದ್ದು ಆಫೀಸಿಗೆ ಹೋದ್ರು.

ಹರಿದು ಹಾಕಿದೆ ಅಂತ ಬರೆದದ್ದು ಸುಳ್ಳು. ನಿನ್ನ ಕಾಗದ ಒಂದೂ ಹರಿದಿಲ್ಲ. ಜುಲೈ ಇಪ್ಪತ್ತನಾಲ್ಕರದ್ದು ಇದರ ಜೊತೆ ಇಟ್ಟಿದ್ದೀನಿ. ‘ಅದನ್ನ ತಿಂತಾರಾ’ ಅಂತ ನೀನೇ ಕೇಳಿದ್ದೀಯ, ಮೇಲೆ ಪೆರಂಬೂರಿನ ಮೊಹರು, ತಾರೀಖು ಎಲ್ಲಾ ಸ್ಪಷ್ಟವಾಗಿದೆ. ಏನು ಅಂತ ಗೊತ್ತಿಲ್ಲದೇ ರಿಪೋರ್ಟು ಬರೆದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಇಲ್ಲ. ನಾನು ಆಗಸ್ಟ್ ನಾಲ್ಕರಂದು ಬರೆದದ್ದು ನಿನ್ನ ಹತ್ತಿರ ಇದೆ. ಎರಡನ್ನೂ ಸಾಹೇಬರ ಮುಂದೆ ಇಡೋದಾದ್ರೆ ಇಡು. ಬೇಡ ಅನ್ನಿಸಿದ್ರೆ ಈ ಸಲ ನೀನೇ ಹರಿ. ನನ್ನ ಕೈಲಿ ಮಾಡಿಸಬೇಡ.

ತುಂಗಾ


ರಾಯಪೇಟೆ, ಮದ್ರಾಸು
೩೧ ಆಗಸ್ಟ್ ೧೯೫೮

ತುಂಗಕ್ಕ,

ಮೇಲಿರೋ ವಿಳಾಸ ನೋಡು, ಬೇರೆ ಆಗಿದೆ. ಒಂದು ಮೆಸ್ಸಿನ ಮಹಡಿ. ಇಲ್ಲಿ ನನ್ನ ಹೆಸರು ತಿರುಮಲ.

ಎರಡು ಕಾಗದಾನೂ ಇಂಗ್ಲಿಷಿಗೆ ಹಾಕಿ ಸಾಹೇಬರ ಮುಂದೆ ಇಟ್ಟೆ, ನನ್ನ ಭಾಷಾಂತರ ತಪ್ಪು ಅಂತ ಕೈಬರಹದಲ್ಲಿ ಬರೆದುಕೊಟ್ಟೆ. ಅವರು ಓದಿ, “ಲಡ್ಡು?” ಅಂದ್ರು. “ಎಲ್ಲಾ ಒಂದು ಲಡ್ಡುಗೋಸ್ಕರವಾ?” ಇಲಾಖೆಯ ಗುಟ್ಟು ಅಕ್ಕನಿಗೆ ಬರೆದೋನು ಅಂತ ನನ್ನ ಟೆಂಪರರಿ ಲಿಸ್ಟಿನಿಂದ ತೆಗೆದ್ರು, ಹೇಳಿದ್ದ ಹಾಗೇ. ಆದ್ರೆ ಪರ್ಮನೆಂಟು ಕಡೆಗಲ್ಲ, ಮನೆ ಕಡೆಗೆ. ಮುರಳಿಯನ್ನ ಗುರುವಾರ ಬಿಟ್ಟರು. ಅವನ ಆಫೀಸಿನವರು ಮಾತ್ರ ವಾಪಸ್ ತಗೊಳ್ಳಲಿಲ್ಲ. ಹೆಸರು ಪೇಪರಿನಲ್ಲಿ ಬಂದೋನು ಬೇಡ ಅಂದ್ರು.

ಅವನು ಮನೆಗೆ ಬರೋದಕ್ಕೆ ಮುಂಚೆ ನಾನೇ ಹೇಳಬೇಕು ಅಂತ ಬುಧವಾರ ರಾಯರ ಮುಂದೆ ನಿಂತೆ. ಎಲ್ಲಾ ಹೇಳಿದೆ. ಹೇಳಿ, ಅಪ್ಪ ಕಲಿಸಿದ ಹಾಗೆ ಕಿವಿ ಹಿಡಿದು ಬಗ್ಗಿ, ಕಾಶ್ಯಪ ಗೋತ್ರ, ತಿರುಮಲ ಶರ್ಮ ಅಂತ ಪ್ರವರ ಹೇಳಿ ಕಾಲಿಗೆ ಬಿದ್ದೆ. ಹಾಗೆ ಬಿದ್ದಾಗ ಹಿರಿಯರು ಏನಾದ್ರೂ ಅನ್ನಬೇಕು ಅಲ್ವಾ. ರಾಯರು ಕಾಲು ಹಿಂದಕ್ಕೆ ಎಳೆದುಕೊಂಡ್ರು. ಆಮೇಲೆ, “ಭಾರದ್ವಾಜ ಗೋತ್ರದೋನಿಗೆ ದಿನಾ ಆಶೀರ್ವಾದ ಮಾಡಿಬಿಟ್ಟಿದ್ದೀನಪ್ಪಾ. ಇನ್ನು ಮಿಕ್ಕಿಲ್ಲ” ಅಂದ್ರು. ಸಿಟ್ಟಿನಲ್ಲಿ ಅಲ್ಲ. ಲೆಕ್ಕ ತಪ್ಪಿದೋರ ಥರ.

ಮುರಳಿ ಬಂದೋನು ನನ್ನ ಟ್ರಂಕು ಹೊತ್ತುಕೊಂಡು ಹೋಗಿ ಬೀದಿಬಾಗಿಲ ಹೊರಗೆ ಇಟ್ಟ. ಎಸೀಲಿಲ್ಲ, ಇಟ್ಟ. “ನಿಮ್ಮ ಸಾಮಾನು ಎಲ್ಲಾ ಇದೆ. ನೋಡ್ಕೊಳ್ಳಿ” ಅಂದ. ಕನ್ನಡದಲ್ಲಿ. ಎರಡು ತಿಂಗಳಲ್ಲಿ ಅವನು ನನ್ನ ಹತ್ತಿರ ಕನ್ನಡ ಆಡಿದ್ದು ಅದೊಂದೇ ಸಲ. ಸರಾಗವಾಗಿ ಬರುತ್ತಕ್ಕ ಅವನಿಗೆ.

ಜಾನಕಮ್ಮನವರು ಬಾಗಿಲ ಹತ್ತಿರ ನಿಂತಿದ್ರು. ಇಷ್ಟು ದಿನ ‘ನೀನು’, ‘ಬಾಪ್ಪಾ’ ಅಂತಿದ್ದವರು ‘ನೀವು’ ಅಂದ್ರು. ನನ್ನ ಮುಖ ಕಾಣಿಸದೆ ಇದ್ರೂ ನನ್ನ ಕಡೆಗೇ ತಿರುಗಿ ಕೇಳಿದ್ರು: “ಊರಲ್ಲಿ ಅಕ್ಕ ಇದ್ದಾಳೆ, ಎತ್ತಿ ಆಡಿಸಿದೋಳು, ತಿಮ್ಮು ಅಂತ ಕರೀತಾಳೆ ಅಂತ ಹೇಳ್ತಿದ್ರಿ. ಹೆಸರು ಪಂಢರಿ, ತಿಮ್ಮು ಹೇಗಾದ್ರಿ ಅಂತ ನಾನು ಆಗ ಕೇಳಲಿಲ್ಲ. ಆ ಅಕ್ಕ ಅನ್ನೋಳಾದ್ರೂ ನಿಜಾನಾ?”

ಇದ್ದಾಳೆ ಅಮ್ಮಾ ಅಂದೆ. ನನ್ನ ಮಾತು ನನಗೇ ಸುಳ್ಳಿನ ಥರ ಕೇಳಿಸಿತು. ಅವರು ತಲೆ ಆಡಿಸಿ ಒಳಗೆ ಹೋದ್ರು.

ಅದಕ್ಕೆ ನಿನ್ನೆ ಮತ್ತೆ ಹೋಗಿದ್ದೆ, ಬೀದಿಯಲ್ಲೇ ನಿಂತು ಜಾನಕಮ್ಮನವರನ್ನ ಕೇಳಿಕೊಂಡೆ. ಸುಮತಿಗೆ ಬೇರೆ ಡಬ್ಬ ಕಳಿಸಬೇಕು, ಇಲ್ಲಿ ಒಳ್ಳೇ ಅಂಟು ಸಿಕ್ತಿಲ್ಲವಂತೆ, ನಮ್ಮಕ್ಕನ ಊರಿನಲ್ಲಿ ಸಿಗುತ್ತೆ, ನೀವೇ ಅವಳ ಹತ್ತಿರ ಮಾತಾಡಿ ಅಂದೆ. ಟ್ರಂಕಾಲ್ ಮಾಡಿಸ್ತೀನಿ, ನಾನು ದೂರ ನಿಂತಿರ್ತೀನಿ ಅಂದೆ. ರಾಯರೇ ಒಳಗಿನಿಂದ, “ಶನಿವಾರ ಕರಕೊಂಡು ಬರ್ತೀನಿ” ಅಂದ್ರು.

ಅಟ್ಟದ ಮೇಲಿನ ನಿನ್ನ ಡಬ್ಬದಿಂದ ಕಳಿಸು ಅಂತ ಕೇಳಲ್ಲ, ಅದು ನಿನ್ನ ಮಗುವಿನದ್ದು. ಪೇಟೆಯಿಂದ ತಂದು ಪಾರ್ಸೆಲ್ ಮಾಡು. ಮೇಲೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಏನಿದೆ ಅಂತ ದೊಡ್ಡದಾಗಿ ಬರಿ, ನಡುವೆ ಕಾಮಾ ಹಾಕು.

ಫೋನು ಎತ್ತಿದ ಕೂಡಲೇ ಜಾನಕಮ್ಮನವರ ಹತ್ತಿರ ಮಾತು ಶುರು ಮಾಡಬೇಡ. ಮೊದಲು ತಿಮ್ಮೂ ಅಂತ ನನ್ನ ಕರಿ. ಲೈನು ಸರಿ ಇರಲ್ಲ, ಗಟ್ಟಿಯಾಗಿ ಕರಿ, ಫೋನು ಹಿಡಿದಿರೋ ಅವರ ಕಿವಿಗೆ ಬೀಳಬೇಕು. ಬೈಯೋದಾದ್ರೆ ಬೈಯ್ದೇ ಕರಿ.

ಆರನೇ ತಾರೀಖು ಶನಿವಾರ, ಬೆಳಗ್ಗೆ ಹತ್ತೂವರೆ. ಭಾವನ ಆಫೀಸಿನ ಫೋನಿನ ಹತ್ತಿರ ಇರು.

ತಿಮ್ಮು